ಮುಂದಿನ ಚಕ್ರದ ಸಮಾಚಾರ

ಪುಂಜಾಲಕಟ್ಟೆ,
೧೪-೨-೧೯೫೯, ಶನಿವಾರ

ಪ್ರೀತಿಯ ಅಳಿಯ ರಮಾನಾಥನಿಗೆ,

ಮೊದಲು ನಿನ್ನ ಮಾವನ ಆಶೀರ್ವಾದ ತಲುಪಲಿ, ಸುದ್ದಿ ಅದರ ಹಿಂದಿನಿಂದ ಬರಲಿ. ಆರೋಗ್ಯ ಹೇಗುಂಟು? ಬೊಂಬಾಯಿಯ ನೀರು ಹೊಟ್ಟೆಗೆ ಒಗ್ಗಿತೇ? ಹೋಟೆಲಿನ ಗಲ್ಲೆಯಲ್ಲಿ ಕೂತು ಕೂತು ಸೊಂಟ ಹಿಡಿದಿದೆ ಎಂದು ಬರೆದಿದ್ದೆ. ಸ್ನಾನಕ್ಕೆ ಮೊದಲು ಎಳ್ಳೆಣ್ಣೆ ತಿಕ್ಕಿಕೋ, ಡಾಕ್ಟರನ ಹತ್ತಿರ ಹೋಗಬೇಡ. ಇಲ್ಲಿ ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ಐವತ್ತೆಂಟು ದಾಟಿದ ಮೇಲೂ ಬಂಟ್ವಾಳಕ್ಕೆ ನಡೆದು ಹೋಗುವ ಗಂಡಸು ಈ ಊರಿನಲ್ಲಿ ನಾನೊಬ್ಬನೇ. ಬರುವಾಗ ಬಸ್ಸಿನಲ್ಲಿ ಬರುತ್ತೇನೆ, ಅದನ್ನು ಯಾರೂ ಕೇಳುವುದಿಲ್ಲ. ನಿನ್ನ ಅಮ್ಮ, ನನ್ನ ತಂಗಿ ನೀಲಾವತಿಯ ಮೊಣಕಾಲಿನ ನೋವು ಕಡಿಮೆಯಾಗಿದೆ. ನಿನ್ನ ಅಪ್ಪ, ಅಂದರೆ ನನ್ನ ರುಕ್ಮಯ್ಯ ಭಾವ, ಅವರೂ ಚೆನ್ನಾಗಿಯೇ ಇದ್ದಾರೆ. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಚೆನ್ನಾಗಿದ್ದಾರೆ.

ನೀನು ಬೊಂಬಾಯಿಯಿಂದ ಬರೆದ ಹನ್ನೊಂದು ಕಾಗದಗಳನ್ನೂ ನನ್ನ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟವನು ನಾನು. ಎಲ್ಲದರ ಮೇಲೂ ನನ್ನ ಹೆಸರು, ಒಳಗೆ ಮೊದಲು ನನ್ನ ಕ್ಷೇಮದ ವಿಚಾರಣೆ, ಅಪ್ಪನಿಗೆ ಕೊನೆಯಲ್ಲಿ ಒಂದು ನಮಸ್ಕಾರ. ಅದು ಹಾಗೆಯೇ ಇರಬೇಕು. ನಮ್ಮ ಅಳಿಯಕಟ್ಟಿನ ಮನೆಯಲ್ಲಿ ಯಜಮಾನ ಅಂದರೆ ಮಾವ, ಮುಂದಿನ ಹಕ್ಕುದಾರ ಅಂದರೆ ಅಳಿಯ. ಅಪ್ಪ ಎನ್ನುವವರು ಬಂಟ್ವಾಳದ ಸೈಕಲ್ ಅಂಗಡಿ ಮುಚ್ಚಿ ವಾರಕ್ಕೊಮ್ಮೆ ಹೆಂಡತಿಯ ಮನೆಗೆ ಬಂದು ಊಟ ಮಾಡಿ ಹೋಗುವವರು. ಅಪ್ಪನ ಆಸ್ತಿ ಮಕ್ಕಳಿಗೆ ಹೋಗುವ ಹಾಗೆ ಸರಕಾರ ಏನೋ ಹೊಸ ಕಾನೂನು ತಂದಿತಂತೆ. ಅಂದಿನಿಂದ ಊರಿನ ಗಂಡಸರಿಗೆಲ್ಲ ತಮ್ಮ ತಮ್ಮ ಮಕ್ಕಳ ನೆನಪು ಬರತೊಡಗಿದೆ. ನಾನಾದರೋ ಯಾವ ಕಾನೂನಿಗೂ ಕಾಯದೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು.

ಇಂಥ ನನಗೆ ನೀನು ಹನ್ನೊಂದನೆಯ ಕಾಗದದಲ್ಲಿ ಏನು ಬರೆದೆ? ನೀನು ಇಲ್ಲಿ ಬಿಟ್ಟು ಹೋದ ಮೋಟಾರ್ ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿದ್ದಾಗ ನಮ್ಮ ಕೆಂಪು ಎತ್ತು ಗುದ್ದಿ ಮುಂದಿನ ಚಕ್ರದ ರಿಮ್ ಬಗ್ಗಿತು ಎಂದು ನಾನು ತಿಳಿಸಿದ್ದಕ್ಕೆ, 'ಮಾವ, ಚಕ್ರವನ್ನು ಯಾರ ಕೈಗೂ ಕೊಡಬೇಡಿ, ಅಪ್ಪನಿಗೆ ತೋರಿಸಿ, ಅಪ್ಪನಿಗೆ ಗೊತ್ತುಂಟು' ಎಂದು ಬರೆದೆ. ಎರಡು ಸಲ ಅಪ್ಪ. ಆ ದಿನವೂ ಎಂದಿನಂತೆ ಕಾಗದವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ನಿನ್ನ ಅಮ್ಮ ಕಂಬಕ್ಕೆ ಒರಗಿದ್ದಳು, ಭಾವ ಮೆಟ್ಟಿಲ ಮೇಲಿದ್ದರು. ಆ ಸಾಲು ಬಂದಾಗ ಒಂದು ಸಲ ಕೆಮ್ಮಿ ಅದನ್ನು ನುಂಗಿದೆ. ನಾಲ್ಕನೆಯ ಕ್ಲಾಸಿನಲ್ಲಿ ಪದ್ಯ ಮರೆತಾಗ ಕಲಿತ ವಿದ್ಯೆ ಅದು. ಭಾವ ಮಾತ್ರ, 'ಚಕ್ರದ ವಿಷಯ ಏನೂ ಬರೆಯಲಿಲ್ಲವಾ?' ಎಂದು ಕೇಳಿದರು. ಇಲ್ಲ ಎಂದೆ. ಅವರು ಅಂಗಳಕ್ಕೆ ಇಳಿದು ರಿಮ್ಮಿನ ತಗ್ಗಿಗೆ ಬೆರಳಿಟ್ಟು, ನನಗೆ ಮಾತ್ರ ಕೇಳುವಷ್ಟು ಮೆಲ್ಲನೆ, 'ಈ ಎತ್ತು ರಸ್ತೆಯಲ್ಲಿ ಮಲಗಿತ್ತಾ ಭಾವ? ಬದಿಯಿಂದ ಗುದ್ದಿದರೆ ರಿಮ್ ಮಗ್ಗುಲಿಗೆ ವಾಲ್ತದೆ, ಇದು ಅಡಿಯಿಂದ ಒಳಗೆ ಹೋಗಿದೆ' ಎಂದರು. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಎರಡು ವರ್ಷ ಚಕ್ರ ತಿರುಗಿಸಿದವರಿಗೆ ಇಷ್ಟು ಅಹಂಕಾರ. ಈ ಚಕ್ರವನ್ನು ನಾನೇ ಸರಿ ಮಾಡುವುದೆಂದು ಆ ಕ್ಷಣ ನಿಶ್ಚಯಿಸಿದೆ.

ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವುದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ತಾಲೂಕಿನಲ್ಲಿ ಯಾರಿದ್ದಾರೆ ಹೇಳು. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ನೀರು ಹೊಯ್ದರೆ ಅದು ಬಿಗಿದುಕೊಂಡು ಕೂರುತ್ತದೆ. ಎತ್ತಿನ ಗಾಡಿಯದ್ದಾದರೇನು, ಮೋಟಾರಿನದ್ದಾದರೇನು, ದುಂಡಗಿರುವುದೆಲ್ಲ ಒಂದೇ ಜಾತಿ ಎಂದುಕೊಂಡೆ. ಚಕ್ರದ ಕಡ್ಡಿಗಳನ್ನೆಲ್ಲ ಬಿಚ್ಚಿ ಗೋಣಿಚೀಲಕ್ಕೆ ಸುರಿದು, ರಿಮ್ಮನ್ನು ಹೆಗಲಿಗೆ ಹಾಕಿಕೊಂಡು ಚನಿಯಪ್ಪನ ಕುಲುಮೆಗೆ ಹೋದೆ. ಚನಿಯಪ್ಪ, 'ಧಣಿಗಳೇ, ಇದು ತೆಳು ಕಬ್ಬಿಣ. ಮೇಲೆ ಬೆಳ್ಳಿಯ ಹಾಗೆ ಲೇಪ ಬೇರೆ ಉಂಟು. ಬೆಂಕಿ ಬೇಡ' ಎಂದ. ನಿನಗೆ ಕಬ್ಬಿಣ ಗೊತ್ತು, ನನಗೆ ಚಕ್ರ ಗೊತ್ತು, ತಿದಿ ಒತ್ತು ಮಾರಾಯ ಎಂದೆ. ಒತ್ತಿದ. ಲೇಪ ಮೊದಲು ಹಳದಿಯಾಯಿತು, ಆಮೇಲೆ ನವಿಲುಗರಿಯ ಬಣ್ಣಕ್ಕೆ ತಿರುಗಿತು, ಕೊನೆಗೆ ಬಾಣಲೆಯ ತಳದ ಹಾಗೆ ಕಪ್ಪಾಯಿತು. ಬಡಿದದ್ದು ಬಡಿದಲ್ಲಿಗೆ ಸರಿಯಾಯಿತು, ತಗ್ಗು ಹೋಯಿತು. ನೀರು ಹೊಯ್ದಾಗ ಮಾತ್ರ ಚಕ್ರ ಒಮ್ಮೆ ಠಣ್ ಎಂದು ಮೈ ಮುರಿದುಕೊಂಡಿತು. ನೆಲದ ಮೇಲಿಟ್ಟು ನೋಡಿದರೆ ಕೋಳಿಮೊಟ್ಟೆಯ ಆಕಾರ. ಚನಿಯಪ್ಪ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿಕೊಂಡ. ನಗುತ್ತಿದ್ದನೋ ಕೆಮ್ಮುತ್ತಿದ್ದನೋ ನಾನು ಕೇಳಲಿಲ್ಲ.

ಮರುವಾರ, ಅಂದರೆ ನಿನ್ನೆ, ಭಾವ ಬಂದಾಗ ಅವರ ಹೆಗಲಲ್ಲೂ ಒಂದು ರಿಮ್ ಇತ್ತು. ಚನಿಯಪ್ಪ ಬಾಯಿ ಬಿಟ್ಟಿದ್ದನೆಂದು ಕಾಣುತ್ತದೆ. ಮಂಗಳೂರಿನ ಗುಜರಿಯಲ್ಲಿ ಎರಡು ದಿನ ಹುಡುಕಿ ಅದೇ ಅಳತೆಯದ್ದನ್ನು ತಂದಿದ್ದರು. ನನ್ನನ್ನು ಏನೂ ಕೇಳದೆ ಜಗಲಿಯಲ್ಲಿ ಚಾಪೆ ಹಾಕಿ ಕೂತರು. ನಾನು ಒಂದು ವಾರ ತಲೆ ಕೆರೆದುಕೊಂಡರೂ ಯಾವುದು ಎಲ್ಲಿಗೆ ಎಂದು ತಿಳಿಯದ ಆ ಗೋಣಿಯ ನಲವತ್ತು ಕಡ್ಡಿಗಳನ್ನು, ಹೆಂಗಸರು ಮಲ್ಲಿಗೆ ಕಟ್ಟುವ ಹಾಗೆ, ಒಂದರ ಮೇಲೊಂದು ಹಾಯಿಸಿ ನೆಯ್ದರು. ಆಮೇಲೆ ಚಕ್ರವನ್ನು ಮೋಟಾರ್ ಸೈಕಲ್ಲಿಗೆ ಸಿಕ್ಕಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ತಿರುಗಿಸಿದರು. ವಾಲಿದ ಕಡೆ ಸುಣ್ಣ ತಾಗುತ್ತದೆ. ಅಲ್ಲಿ ಒಂದು ಕಡ್ಡಿಯನ್ನು ಸಡಿಲಿಸುವುದು, ಎದುರು ಬದಿಯದ್ದನ್ನು ಕಾಲು ಸುತ್ತು ಬಿಗಿಯುವುದು, ಗುರುತು ಒರಸಿ ಪುನಃ ತಿರುಗಿಸುವುದು. ನಡುನಡುವೆ ಕಡ್ಡಿಯನ್ನು ಉಗುರಿನಲ್ಲಿ ಮೀಟಿ ತಂಬೂರಿಯ ಶ್ರುತಿ ನೋಡುವವರ ಹಾಗೆ ಕಿವಿಗೊಟ್ಟರು. ಗಂಜಿ ಆರಿಹೋದರೂ ಏಳಲಿಲ್ಲ. ಕೊನೆಗೆ ಚಕ್ರ ತಿರುಗಿತು ನೋಡು, ಸುಣ್ಣ ಎಲ್ಲಿಯೂ ತಾಗಲಿಲ್ಲ. ತಿರುಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ.

ಅಂಗಳದಲ್ಲಿ ಹತ್ತು ಜನ ಸೇರಿದ್ದರು. ಕಟ್ಟಿದ ಬೀಡಿಯನ್ನು ಅಂಗಡಿಗೆ ಕೊಟ್ಟು ಮನೆಗೆ ಹೋಗುತ್ತಿದ್ದ ಬೀಯಮ್ಮ ಕೂಡ ನಿಂತಳು. 'ರುಕ್ಮಯ್ಯಣ್ಣ ಮುಟ್ಟಿದರೆ ಚಕ್ರ, ಧಣಿಗಳು ಮುಟ್ಟಿದರೆ ಮೊಟ್ಟೆ. ಇನ್ನು ಕಾವು ಕೊಡ್ಲಿಕ್ಕೆ ಒಂದು ಹೇಂಟೆ ತನ್ನಿ ಧಣಿ' ಎಂದಳು. ಎಲ್ಲರೂ ನಕ್ಕರು, ನಿನ್ನ ಅಮ್ಮನೂ. ಭಾವ ನಗಲಿಲ್ಲ. 'ಕಡ್ಡಿ ಒಂದೂ ಕಳೆಯದ ಹಾಗೆ ಭಾವ ಜೋಪಾನ ಮಾಡಿದ್ದಕ್ಕೆ ಆಯ್ತು, ಇಲ್ಲದಿದ್ದರೆ ಆಗ್ತಿರಲಿಲ್ಲ' ಎಂದರು. ಬೀಯಮ್ಮನ ಮಾತು ನನಗೆ ಉರಿಯಲಿಲ್ಲ, ಆ ಮಾತು ಉರಿಯಿತು. ಜಂಬ ಕೊಚ್ಚಿಕೊಂಡಿದ್ದರೆ ನಾನು ಅದಕ್ಕಿಂತ ದೊಡ್ಡದು ಕೊಚ್ಚುತ್ತಿದ್ದೆ. ಸುಮ್ಮನಿರುವವರನ್ನು ಸೋಲಿಸುವುದು ಹೇಗೆ?

ಯಜಮಾನನಾದ ಮೇಲೆ ಋಣ ಇಟ್ಟುಕೊಳ್ಳಬಾರದೆಂದು, ಕೈಗೆ ಏನು ಕೊಡಬೇಕು ಭಾವ ಎಂದು ಕೇಳಿದೆ. ಎಣ್ಣೆಯ ಕೈಯನ್ನು ಬೆರಳು ಬೆರಳಾಗಿ ಒರಸಿಕೊಂಡರು. ಆಮೇಲೆ, 'ಅವನ ಕಾಗದ ಒಂದು ಕೊಡ್ತೀರಾ? ಅಂಗಡಿಯಲ್ಲಿ ಇಟ್ಟುಕೊಳ್ತೇನೆ' ಎಂದರು. ನಿನ್ನ ಅಮ್ಮ ಒಳಗೆ ಹೋದಳು. ನಾನು ಪೆಟ್ಟಿಗೆ ತೆರೆದು ಹನ್ನೊಂದನ್ನೂ ಹರಡಿ, ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಿ ಕೊಟ್ಟೆ. ಕ್ಷೇಮವಾಗಿ ತಲುಪಿದೆ ಎಂಬ ನಾಲ್ಕು ಸಾಲಿನ ಕಾರ್ಡು. ಅದನ್ನೇ ಎರಡು ಕೈಯಲ್ಲಿ ತೆಗೆದುಕೊಂಡರು.

ಇಷ್ಟೇ ಸಮಾಚಾರ. ಗಾಡಿ ಸುಖವಾಗಿದೆ, ಮಾವನೂ ಸುಖವಾಗಿದ್ದಾನೆ ಎಂದು ತಿಳಿ. ನಿನ್ನ ಸೊಂಟಕ್ಕೆ, ಸಂಬಳಕ್ಕೆ, ಆಯುಷ್ಯಕ್ಕೆ ಮನೆಯ ದೈವದ ಕಾವಲಿರಲಿ.

ನಿನ್ನನ್ನು ಹೆಗಲಲ್ಲಿ ಹೊತ್ತ,
ಸಂಕಪ್ಪ ಮಾವ

ತಾ. ಕ.: ಈ ಕಾಗದವನ್ನು ಟಪಾಲಿಗೆ ಹಾಕಲು ಒಯ್ಯುವ ಬಸ್ಸಿನ ಕಂಡಕ್ಟರ್ ಅವಸರ ಮಾಡುತ್ತಿದ್ದಾನೆ. ಎತ್ತು ಗುದ್ದಲಿಲ್ಲ. ನೀನು ಬೇಡವೆಂದರೂ ಪೇಟೆಯವರಿಗೆ ತೋರಿಸಲು ನಿನ್ನ ಗಾಡಿಯನ್ನು ನಾನೇ ಓಡಿಸಿಕೊಂಡು ಹೋಗಿ ಬೆಳ್ತಂಗಡಿ ರಸ್ತೆಯ ಮೋರಿಕಲ್ಲಿಗೆ ಹೊಡೆದೆ. ಭಾವನಿಗೆ ಗೊತ್ತುಂಟು, ಈವರೆಗೆ ಯಾರಿಗೂ ಹೇಳಲಿಲ್ಲ. ಇನ್ನೊಂದು. ಈ ಬೆಳಿಗ್ಗೆ, ಭಾವ ಅಂಗಡಿಗೆ ಹೊರಡುವ ಮೊದಲು, ಕಾರ್ಡನ್ನು ಹಿಂದೆ ತೆಗೆದುಕೊಂಡು ಆ ಹನ್ನೊಂದನೆಯ ಕಾಗದವನ್ನೇ ಅವರಿಗೆ ಕೊಟ್ಟೆ. ನಾನು ನುಂಗಿದ ಸಾಲನ್ನು ಓದಿದರು. ನನ್ನನ್ನು ನೋಡಲಿಲ್ಲ, ಅಂಗಳಕ್ಕೆ ಹೋಗಿ ಸರಿಯಾಗಿಯೇ ಇದ್ದ ಚಕ್ರವನ್ನು ಮತ್ತೊಮ್ಮೆ ತಿರುಗಿಸಿ ನೋಡುತ್ತ ನಿಂತರು. ಮುಂದಿನ ಕಾಗದದ ಮೇಲೆ ಅವರ ಹೆಸರು ಬರೆ, ಬಂಟ್ವಾಳದ ಅಂಗಡಿಗೇ ಹಾಕು. ಉದ್ದ ಬರೆ. ಆದರೆ ನನ್ನದು ಅದಕ್ಕಿಂತ ಒಂದು ಸಾಲು ಹೆಚ್ಚಿರಲಿ.