ಆಡುಗಳ ಹಾಜರಿ ಕರೆದವಳಿಗೆ

ನಿರ್ಣಾದ ಮನೆಯ ಸೊಸೆ, ನನ್ನ ಹಿರಿಮಗಳು ದ್ರೌಪತಿಗೆ,

ಹುಡಗಿ ಊರಿನಿಂದ ನಿನ್ನ ಅವ್ವ ಬರೆಯುವುದು. ಫೋನು ಬಿಟ್ಟು ಕಾಗದ ಯಾಕೆ ಬಂತೆಂದು ಗಾಬರಿಯಾಗಬೇಡ, ಎಲ್ಲರೂ ಆರಾಮ ಇದ್ದೇವೆ. ನಿಮ್ಮಪ್ಪ ಬೇವಿನ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದಾರೆ. ಫೋನಿನಲ್ಲಿ ನಾನು ಏನೇ ಶುರು ಮಾಡಿದರೂ ಅದು ಬೈಗುಳದಲ್ಲೇ ಮುಗಿಯುತ್ತದೆ. ಈ ಮಾತು ಹಾಗೆ ಮುಗಿಯಬಾರದು.

ಹೋದ ಭಾನುವಾರದ ಪೇಪರಿನಲ್ಲಿ ನಿನ್ನ ತಂಗಿ ಪೂನಂ ನಮ್ಮ ಮನೆಯ ಆಡುಗಳ ಮೇಲೆ ಬರೆದ ಮಕ್ಕಳ ಪುಸ್ತಕದ ಬಗ್ಗೆ ಅರ್ಧ ಪುಟ ವಿಮರ್ಶೆ ಬಂದಿದೆ. ಅದನ್ನು ಮೊದಲು ತಂದವಳು ಪಕ್ಕದ ಮನೆಯ ವಜೀರಬಿ. "ಏ ರುಕ್ಮಿಣಿಬಾಯಿ, ಪೇಪರ್ನ್ಯಾಗ ನಿನ್ನ ಭಾರಿ ಹೊಗಳ್ಯಾರ. ನಲವತ್ತ ವರ್ಷದಿಂದ ಬಾಜೂಕ ಇದ್ದೀನಿ, ನೀ ಇಷ್ಟ ಛಲೋ ಹೆಂಗಸು ಅಂತ ನನಗ ಯಾರೂ ಹೇಳೇ ಇಲ್ಲಲ್ಲವಾ" ಎಂದು ಕಟ್ಟೆಯ ಮೇಲೆ ಕೂತು ನಕ್ಕಳು. ಅವಳಿಗೆ ಚಹಾ ಕೊಟ್ಟು, ಕನ್ನಡಕ ಹಾಕಿಕೊಂಡು ಓದಿದೆ.

ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಬಸವಕಲ್ಯಾಣದಲ್ಲಿ ಮಾಸ್ತರಿಕೆ ಮಾಡುತ್ತ, ಮನೆ ನೋಡುತ್ತ, ಇಷ್ಟು ಬರೆದಿದ್ದಾಳಲ್ಲ ಎನಿಸಿತು. ಒಂದು ತಪ್ಪೂ ಕಣ್ಣಿಗೆ ಬಿತ್ತು. "ಚಿತ್ರಗಳು ಜೀವ ತುಂಬಿಕೊಂಡಿವೆ" ಎಂದಿದ್ದಾರೆ ವಿಮರ್ಶಕರು. ಆಡಿನ ಬಾಲ ಮೇಲೆ ಎದ್ದಿರುತ್ತದೆ, ಕುರಿಯ ಬಾಲ ಕೆಳಗೆ ಇಳಿದಿರುತ್ತದೆ. ಪೇಪರಿನಲ್ಲಿ ಹಾಕಿದ ಪುಸ್ತಕದ ಚಿತ್ರ ನೋಡಿದರೆ, ಬರೆದವರು ನಮ್ಮ ಆಡುಗಳಿಗೆಲ್ಲ ಕುರಿಯ ಬಾಲ ಹಚ್ಚಿಬಿಟ್ಟಿದ್ದಾರೆ. ಪೂನಂಗೆ ಫೋನು ಮಾಡಿ ಹೇಳಿದರೆ, "ಬಾಲ ಬಿಡವ್ವ, ಅಷ್ಟು ಹೊಗಳ್ಯಾರಲ್ಲ, ಅದನ್ನ ನೋಡು" ಎಂದಳು. ಅದನ್ನೇ ನೋಡಲು ಮತ್ತೆ ಪೇಪರು ಹಿಡಿದೆ. ಹಿಡಿಯಬಾರದಿತ್ತೋ ಏನೋ.

ಅದರಲ್ಲಿ ಬರೆದದ್ದನ್ನು ಇಲ್ಲಿ ಇಳಿಸುತ್ತೇನೆ. "ಶಾಲೆ ಬಿಟ್ಟ ಹುಡುಗಿ ಪ್ರತಿ ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಆಡುಗಳ ಹಾಜರಿ ಕರೆಯುವ ಪುಟಗಳು ಓದುಗರಿಗೆ ನಗು ತರಿಸುತ್ತವೆ. ಆದರೆ ಆ ಹುಡುಗಿ ಆಟವಾಡುತ್ತಿಲ್ಲ. ತನಗೆ ಶಾಲೆ ಬೇಕೆಂದು ಆಕೆ ಬಾಯಿಬಿಟ್ಟು ಒಮ್ಮೆಯೂ ಹೇಳುವುದಿಲ್ಲ. ದಿನವೂ ಕೇಳುತ್ತಿರುವುದು ಮಾತ್ರ ಅದನ್ನೇ."

ದ್ರೌಪತಿ, ಆ ಹಾಜರಿ ನಿನ್ನದು. ನೀನು ಕೋಲನ್ನು ಕಂಕುಳಲ್ಲಿಟ್ಟು, ಮಾಸ್ತರರ ಹಾಗೆ ಗಂಟಲು ಸರಿ ಮಾಡಿಕೊಂಡು, "ಚಾಂದನಿ, ಕರೆವ್ವ, ಲಂಬಕಾನಿ" ಎಂದು ಕರೆಯುತ್ತಿದ್ದೆ. ಒಳಗೆ ಹೋಗುವ ಒಂದೊಂದು ಆಡಿನ ಪರವಾಗಿಯೂ ಪೂನಂ ಗೋಡೆಯ ಮೇಲೆ ಕೂತು "ಹಾಜರ್ ಸಾರ್" ಎನ್ನುತ್ತಿದ್ದಳು. ಕಡೆಗೆ ಉಳಿಯುವುದು ತುಡುಗಿ. ಯಾರದೋ ತೊಗರಿಯಲ್ಲಿ ಬಾಯಿ ಹಾಕಿ ತಡವಾಗಿ ಬರುತ್ತಿತ್ತು. "ತುಡುಗಿ ಗೈರು ಹಾಜರ್. ನಾಳಿ ನಿಮ್ಮವ್ವನ್ನ ಕರ್ಕೊಂಡು ಬಾ, ಇಲ್ಲಂದ್ರ ಒಳಗ ಬಿಡೂದಿಲ್ಲ" ಎಂದು ನೀನು ಗದರಿಸುತ್ತಿದ್ದೆ. ನಾನು ರೊಟ್ಟಿ ಬಡಿಯುತ್ತ ನಗುತ್ತಿದ್ದೆ. ವಜೀರಬಿಯನ್ನೂ ಕರೆದು ತೋರಿಸಿದ್ದೆ. ನೀನು ನನ್ನನ್ನೇ ಕೇಳುತ್ತಿದ್ದೆ ಎಂಬುದು ನನಗೆ ತಿಳಿಯಲು ಯಾವುದೋ ಊರಿನವರು ಪೇಪರಿನಲ್ಲಿ ಬರೆಯಬೇಕಾಯಿತು.

ನಿಮ್ಮಪ್ಪ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದು ಕಾಲು ಮುರಿದುಕೊಂಡ ವರ್ಷ ಅದು. ನೀನು ಎಂಟನೆಯ ತರಗತಿ. "ಒಂದ್ ಮಳಿಗಾಲ ಅಷ್ಟೇ, ಆಮ್ಯಾಲ ಹೋಗಂತಿ" ಎಂದು ನಿನ್ನ ಕೈಗೆ ಕೋಲು ಕೊಟ್ಟೆ. ದೀಪಾವಳಿಗೆ ಅವರ ಕಾಲು ಕೂಡಿತು. ನಿನ್ನನ್ನು ಮರಳಿ ಕಳಿಸಲಿಲ್ಲ. ಆಡುಗಳು ನಿನ್ನ ಮಾತು ಕೇಳುತ್ತಿದ್ದವು, ನನಗೆ ಹೊಲದ ಕೆಲಸ ಹಗುರಾಗಿತ್ತು. ಹೆಡ್‌ಮಾಸ್ತರರು ಮೂರು ಸಲ ಹೇಳಿ ಕಳಿಸಿದರು: ದ್ರೌಪತಿ ತನ್ನ ಅವ್ವನನ್ನು ಕರೆದುಕೊಂಡು ಬರಲಿ. ನಾನು ಹೋಗಲಿಲ್ಲ. ಹುಮನಾಬಾದಿನ ಹೈಸ್ಕೂಲಿಗೆ ಹೋಗಿ ಹತ್ತನೆಯ ತರಗತಿ ಪಾಸಾದ ಸೊಸೆ ಎಂದು ಅದೇ ಶಾಲೆಯಲ್ಲಿ ಝಂಡಾ ಏರಿಸುವ ದಿನ ನನಗೆ ಖುರ್ಚಿ ಹಾಕಿದ್ದರು. ಅವರ ಮುಂದೆ ನಿಂತು ಮಗಳನ್ನು ಬಿಡಿಸಿದ್ದೇನೆ ಎನ್ನಲು ನನ್ನ ಸೊಕ್ಕು ಬಿಡಲಿಲ್ಲ.

ಪೂನಂಳ ಪುಸ್ತಕದಲ್ಲಿ ಅವ್ವ ಹಾಗಿಲ್ಲ. ಒಂದು ಸಂಜೆ ಹಾಜರಿ ಕೇಳಿಸಿಕೊಂಡು, ಮಾರನೆಯ ಬೆಳಿಗ್ಗೆ ತಾನೇ ಕೋಲು ಹಿಡಿದು ಆಡು ಹೊಡೆದುಕೊಂಡು ಹೋಗುತ್ತಾಳೆ, ಮಗಳಿಗೆ ಪಾಟಿಚೀಲ ಕೊಡುತ್ತಾಳೆ. "ಇಂಥ ತಾಯಿ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಅಪರೂಪ" ಎಂದಿದೆ ಪೇಪರು. ಬರುವ ಭಾನುವಾರ ಬಸವಕಲ್ಯಾಣದಲ್ಲಿ ಪುಸ್ತಕದ ಕಾರ್ಯಕ್ರಮವಿದೆ. ಆ ತಾಯಿ ನಾನೇ ಎಂದು ತಿಳಿದು ಶಾಲು ಹೊದಿಸುತ್ತಾರಂತೆ.

ಪೂನಂಳನ್ನು ಕೇಳಿದೆ, ಯಾಕೆ ಸುಳ್ಳು ಬರೆದೆ ಎಂದು. "ಸುಳ್ಳಲ್ಲವ್ವ. ಹಾಂಗ ಆಗಬೇಕಾಗಿತ್ತು ಅಂತ ಬರ್ದೀನಿ. ಅಕ್ಕಗ ಓದಾಕ ಕೊಟ್ಟಿದ್ದೆ. 'ಚಂದ ಬರ್ದಿ, ಕಡೀ ಪುಟ ಅಷ್ಟ ಎರಡ್ ಸಲ ಓದ್ದೆ' ಅಂದ್ಲು" ಎಂದಳು. ಎರಡು ಸಲ ಓದಿದೆಯಂತೆ. ಆಮೇಲೆ ನನಗೆ ಪೇಪರು ಓದಲಾಗಲಿಲ್ಲ.

ಮಾಡದ ಕೆಲಸಕ್ಕೆ ಶಾಲು ಹೊದ್ದುಕೊಳ್ಳುವವಳು ನಾನಲ್ಲ. ಎದ್ದು ನಿಂತು, ಆ ಹಾಜರಿ ಕರೆದವಳು ನನ್ನ ದ್ರೌಪತಿ, ಅದನ್ನು ಕೇಳಿಯೂ ಕೇಳದವಳು ನಾನು ಎಂದು ಹೇಳಬೇಕೆಂದಿದ್ದೇನೆ. ಆದರೆ ಅದು ನಿನ್ನ ಮಾತೂ ಹೌದು. ನಾಲ್ಕು ಮಂದಿಯ ಮುಂದೆ ಬೇಡವೆಂದರೆ ಹೇಳುವುದಿಲ್ಲ. ಶಾಲು ಮಾತ್ರ ಮುಟ್ಟುವುದಿಲ್ಲ.

ಇನ್ನೊಂದು ಮಾತಿದೆ. ಮಂಗಳವಾರ ನಾನು ನಿನ್ನ ಶಾಲೆಗೆ ಹೋಗಿದ್ದೆ. ಈಗಿನ ಹೆಡ್‌ಮಾಸ್ತರರು ನಿನಗಿಂತ ಚಿಕ್ಕವರು. ಹಳೆಯ ಹಾಜರಿ ಪುಸ್ತಕ ತೆಗೆಸಿ ತೋರಿಸಿದರು. ಜೂನ್ ತಿಂಗಳು ಪೂರ್ತಿ ಹಾಜರಿದ್ದೀ. ಆಮೇಲೆ ಗೈರು, ಗೈರು, ಗೈರು. ಒಂದು ಕಡೆ ಕೆಂಪು ಗೆರೆ ಎಳೆದಿದ್ದಾರೆ. ನಿನ್ನ ಟಿಸಿ ಇನ್ನೂ ಅಲ್ಲೇ ಇದೆ. ಯಾರೂ ಬಂದು ಕೇಳಿಯೇ ಇಲ್ಲವಂತೆ. ಅದನ್ನು ಬಿಡಿಸಿಕೊಂಡರೆ ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬಹುದು, ಮೂವತ್ತೈದು ವಯಸ್ಸು ಅಡ್ಡಿಯಲ್ಲ ಎಂದರು. ಗಣಿತ ಪೂನಂ ಹೇಳಿಕೊಡುತ್ತಾಳೆ. ಕನ್ನಡ ನಾನು ನೋಡಿಕೊಳ್ಳುತ್ತೇನೆ. ಅಳಿಯ ಗೋವರ್ಧನರಿಗೆ ನಾನೇ ಹೇಳುತ್ತೇನೆ. ಇದು ಅಪ್ಪಣೆಯಲ್ಲ ದ್ರೌಪತಿ. ನಿನಗೆ ಬೇಡವೆನಿಸಿದರೆ ಬೇಡ ಎನ್ನು, ನಾನು ಬೈಯುವುದಿಲ್ಲ. ಬೇಕು ಎನಿಸಿದರೆ ಮಾತ್ರ ಈ ಸಲ ಬಾಯಿಬಿಟ್ಟು ಹೇಳು. ನನಗೆ ಸೂಕ್ಷ್ಮ ತಿಳಿಯುವುದಿಲ್ಲ.

ಹೇಳಿದರೆ ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗೋಣ. ಅವ್ವನನ್ನು ಕರೆದುಕೊಂಡು ಬಾ ಎಂದಿದ್ದರಲ್ಲ, ಗಂಟೆ ಬಾರಿಸುವ ಮೊದಲೇ ನಾನು ಗೇಟಿನ ಹತ್ತಿರ ನಿಂತಿರುತ್ತೇನೆ.

ನಿನ್ನ ಒಲೆ ಆರದಿರಲಿ, ನೀನು ಹಿಡಿದ ಪೆನ್ನು ನಡೆಯಲಿ.

ಇಪ್ಪತ್ತೆರಡು ವರ್ಷ ಗೈರಾಗಿದ್ದ ನಿನ್ನ ಅವ್ವ,
ರುಕ್ಮಿಣಿಬಾಯಿ