ಮನೆಮಗಳಿಗೆ ಹೊಸ್ತಿಲ ನೀರು

ಹೊಸಗಟ್ಟಿ, ಎಡದಂಡೆ ಕಾಲುವೆ
೩೦ನೇ ಫೆಬ್ರವರಿ, ೨೨೦೯

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ನಮಸ್ಕಾರ.

ತಾರೀಖು ತಪ್ಪಾಗಿಲ್ಲ. ಕ್ಯಾಲೆಂಡರ್ ತಿದ್ದಿದವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಮಳೆ ಕೊಡಲಾಗದವರು ದಿನವನ್ನಾದರೂ ಕೊಟ್ಟರಲ್ಲ ಎಂದು ನಾವು ಸುಮ್ಮನಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಾನು ದ್ಯಾಮಣ್ಣ, ಮಕ್ಕಳಿಲ್ಲದೆ ಮುಚ್ಚಿಹೋದ ಇಲ್ಲಿನ ಶಾಲೆಯ ಕೊನೆಯ ಮಾಸ್ತರ. ವಯಸ್ಸಾಗಿದೆ, ದಣಿದಿದ್ದೇನೆ. ಈ ಸಂಜೆ ಫಕೀರವ್ವ ಎಂಬ ಹುಡುಗಿ ನಮ್ಮ ಮನೆಗೆ ಬರುತ್ತಾಳೆ. ನಾನು ಬಾಗಿಲು ತೆರೆದರೆ ಅವಳು ಈ ಊರಲ್ಲಿ ಉಳಿಯುತ್ತಾಳೆ, ಇಲ್ಲವಾದರೆ ನಾಳೆ ಗಂಟುಮೂಟೆ ಕಟ್ಟಬೇಕು. ಅಷ್ಟರೊಳಗೆ ಯಾರಿಗಾದರೂ ಹೇಳಿಕೊಳ್ಳೋಣ ಅನ್ನಿಸಿತು. ಇಲ್ಲಿರುವವರಿಗೆ ಕೇಳುವ ತಾಳ್ಮೆ ಉಳಿದಿಲ್ಲ.

ನಮ್ಮ ಕಾಲದಲ್ಲಿ ಎಲ್ಲಿ ನೋಡಿದರೂ ಮುದುಕರೇ. ಹರೆಯದವರು ಊರಿಗೆ ಬೆರಳೆಣಿಕೆಯಷ್ಟು. ಅದಕ್ಕೇ ‘ಊರಮಗಳು’ ಎಂಬ ಪದ್ಧತಿ ಬಂತು. ಒಬ್ಬ ಹುಡುಗಿಗೆ ಇಷ್ಟು ಮನೆ ಎಂದು ಪಂಚಾಯಿತಿ ಒಪ್ಪಿಸುತ್ತದೆ, ಆ ಮನೆಗಳ ಮುದುಕರಿಗೆಲ್ಲ ಅವಳೇ ಮಗಳು. ಬೆಳಿಗ್ಗೆ ಬಂದು ಕಸ ಹೊಡೆದು, ಗುಳಿಗೆ ನುಂಗಿಸಿ, ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಮೊದಲ ತುತ್ತನ್ನು ತನ್ನ ಕೈಯಿಂದಲೇ ಬಾಯಿಗಿಡುತ್ತಾಳೆ. ಆ ಕೈತುತ್ತು ಇಲ್ಲದೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ಮೇಲೋಣಿಯಲ್ಲಿ ಎರಡು ಮನೆಗೊಬ್ಬ ಮಗಳು, ನಳದಲ್ಲಿ ದಿನವಿಡೀ ನೀರು. ನಮ್ಮ ಕೆಳಗೋಣಿಯಲ್ಲಿ ಒಂಬತ್ತು ಮನೆಗೆ ಒಬ್ಬಳೇ ಫಕೀರವ್ವ, ನಳ ಬರುವುದು ದಿನ ಬಿಟ್ಟು ದಿನ. ನೀರಿದ್ದ ಕಡೆ ಹರೆಯದವರು ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ನಾನಾಗಿದ್ದರೂ ಅಲ್ಲಿಗೇ ಹೋಗುತ್ತಿದ್ದೆ.

ಹೊರಗಿನಿಂದ ಬಂದವರಿಗೆ ಹೊಸ್ತಿಲಲ್ಲಿ ಕೈಕಾಲಿಗೆ ನೀರು ಕೊಡುವುದು ನಿಮ್ಮಿಂದಲೇ ನಮಗೆ ಬಂದ ರೂಢಿ. ನೀರು ಕಡಿಮೆಯಾದ ಮೇಲೆ ಅದು ಬೀಗರಿಗೆ, ನೆಂಟರಿಗೆ, ಅಪರಿಚಿತರಿಗೆ ಮಾತ್ರ ಉಳಿಯಿತು. ಮನೆಯವರಿಗೆ ಕೊಡುವುದಿಲ್ಲ. ಕೊಟ್ಟರೆ ‘ನೀನು ಹೊರಗಿನವಳು’ ಎಂದು ಹೇಳಿದ ಹಾಗೆ. ಹೋದ ವರ್ಷ ಫಕೀರವ್ವ ನಮ್ಮ ಬಾಗಿಲಲ್ಲಿ ನಿಂತು, “ಯವ್ವಾ, ಕೈ ತೊಳಕೊಳ್ಳಾಕ ಒಂದು ತಂಬಿಗಿ ನೀರು ಕೊಡ್ತೀಯೇನ?” ಎಂದು ಕೇಳಿದ್ದಳು. ನನ್ನ ಹೆಂಡತಿ ನೀಲವ್ವನಿಗೆ ನಗು. “ಹುಚ್ಚಿ, ಮನಿಮಗಳಿಗೆ ಯಾತರ ಉಪಚಾರ? ಒಳಗ ಬಾ,” ಎಂದು ರಟ್ಟೆ ಹಿಡಿದು ಕರೆದುಕೊಂಡಳು. ಅದು ಪ್ರೀತಿಯೇ ಆಗಿತ್ತು. ಒಂಬತ್ತೂ ಮನೆಗಳಲ್ಲಿ ಅದೇ ಪ್ರೀತಿ.

ಆಮೇಲೆ ಮಂಪರುಜ್ವರ ಬಂತು. ಮೊದಲು ತೂಕಡಿಕೆ, ಆಮೇಲೆ ಭೇದಿ, ಆಮೇಲೆ ಜ್ವರ. ಮುದುಕರ ಊರಿನಲ್ಲಿ ತೂಕಡಿಕೆಯನ್ನು ಯಾರು ರೋಗ ಎನ್ನುತ್ತಾರೆ? ಗೊತ್ತಾಗುವಷ್ಟರಲ್ಲಿ ಓಣಿಯೇ ಮಲಗಿತ್ತು. ಹೊರಗಿನವರನ್ನು ಮನೆಯೊಳಗೆ ಬಿಡಕೂಡದು ಎಂದು ಪಂಚಾಯಿತಿ ಡಂಗುರ ಸಾರಿತು. ನಾವು ಅಕ್ಷರಶಃ ಪಾಲಿಸಿದೆವು. ಹಾಲಿನವನನ್ನು ಬಿಡಲಿಲ್ಲ, ಸ್ವಂತ ಅಣ್ಣತಮ್ಮಂದಿರನ್ನು ಬಿಡಲಿಲ್ಲ. ಫಕೀರವ್ವ ಮಾತ್ರ ದಿನವೂ ಬಂದಳು, ಒಂದು ಮನೆಯ ಎಂಜಲು ಬಳಿದ ಕೈಯನ್ನು ಸೆರಗಿಗೆ ಒರೆಸಿ ಇನ್ನೊಂದು ಮನೆಗೆ ಹೋದಳು. ಮಗಳು ಹೊರಗಿನವಳು ಹೇಗಾದಾಳು? ಅವಳ ಕೈಯೂ ಹೊರಗಿನಿಂದಲೇ ಬರುತ್ತದೆ ಎಂಬುದು ಯಾರ ತಲೆಗೂ ಬರಲಿಲ್ಲ, ಶಾಲೆ ಕಲಿಸಿದ ನನ್ನ ತಲೆಗೂ.

ನೀಲವ್ವ ಹೋದಳು. ಕೊನೆಯ ದಿನ ಅವಳು ಉಂಡದ್ದು ಫಕೀರವ್ವನ ಕೈತುತ್ತನ್ನೇ. ಅದನ್ನು ನೆನೆದರೆ ಈಗಲೂ ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬರುತ್ತದೆ, ಸುಳ್ಳೇಕೆ ಹೇಳಲಿ. ಮರುಗಳಿಗೆಯೇ ನಾಚಿಕೆಯಾಗುತ್ತದೆ. ಅವಳೂ ಅದೇ ಜ್ವರದಲ್ಲಿ ಬಿದ್ದು, ನೀರು ಕುಡಿಸುವವರಿಲ್ಲದೆ ತನ್ನ ಕೋಣೆಯಲ್ಲಿ ಒಬ್ಬಳೇ ನರಳಿ ಎದ್ದವಳು.

ಮೇಲೋಣಿಗೂ ಜ್ವರ ಹಬ್ಬಿತ್ತು. ಅಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಕೆಳಗೋಣಿಯವರು ಮೊದಲಿಂದಲೂ ಕೊಳಕರು ಎಂದು ಅವರು ಆಡಿಕೊಂಡರು. ಆ ಮಾತು ಕೇಳಲಾಗದ ನಮ್ಮವರು ಫಕೀರವ್ವನ ಮೇಲೆ ತಿರುಗಿಬಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಳದ ಮಾತು ಯಾರೂ ಎತ್ತಲಿಲ್ಲ, ಒಂಬತ್ತು ಮನೆಗೆ ಎರಡೇ ಕೈ ಯಾಕೆ ಎಂದು ಯಾರೂ ಕೇಳಲಿಲ್ಲ. ಎಂಟು ಮನೆಯವರು ಅವಳು ಇನ್ನು ಮಗಳಲ್ಲ ಎಂದುಬಿಟ್ಟಿದ್ದಾರೆ. ಒಂದು ಮನೆಯಾದರೂ ಮಗಳೆಂದು ಒಪ್ಪಿದರೆ ಮಾತ್ರ ಅವಳಿಗೆ ಕೋಣೆ, ಪಡಿತರ. ಉಳಿದಿರುವುದು ನನ್ನದೊಂದೇ ಮನೆ.

ಬಾಗಿಲು ತೆರೆಯಲು ಹೆದರಿಕೆಯಿದೆ, ಜ್ವರ ಇನ್ನೂ ಪೂರ್ತಿ ಹೋಗಿಲ್ಲ. ಆದರೂ ತೆರೆಯುತ್ತೇನೆ. ಮಧ್ಯಾಹ್ನ ಹೊಸ್ತಿಲಲ್ಲಿ ತುಂಬಿದ ತಂಬಿಗೆ ಇಟ್ಟೆ. ಪಕ್ಕದ ಮನೆಯ ಬಸಲಿಂಗವ್ವ ನೋಡಿ, “ಮಾಸ್ತರ, ಆಕಿಗೆ ನೀರು ಇಟ್ರಿ ಅಂದ್ರ ಬಾಗಿಲದಾಗ ಬ್ಯಾಡ ಅಂದಂಗ ಆತು. ನೋಡಿದ ಕೂಡಲೇ ಹೊಳ್ಳಿ ಹೋಗ್ತಾಳ,” ಎಂದಳು. ಅವಳ ಮಾತು ನಿಜ. ಆಗಿನಿಂದ ಅದೇ ಯೋಚನೆ. ನೀರು ಇಡದಿದ್ದರೆ ಜ್ವರ ಒಳಗೆ ಬರುತ್ತದೆ, ಇಟ್ಟರೆ ಮಗಳು ಹೊರಗೇ ಉಳಿಯುತ್ತಾಳೆ.

ಹಿರಿಯರೇ, ರೂಢಿಗಳೆಲ್ಲ ನಿಮ್ಮ ಕೈಯಲ್ಲೇ ಹುಟ್ಟುತ್ತಿವೆ. ನಿಮ್ಮವರೆಂದು ಕರೆದವರಿಗೂ ಹೊಸ್ತಿಲಲ್ಲಿ ನೀರಿಡುವುದನ್ನು ರೂಢಿ ಮಾಡಿ. ಅಷ್ಟು ನೀರು ಎಲ್ಲ ಓಣಿಗಳಿಗೂ ಬರುವ ಹಾಗೆ ಮೊದಲು ಮಾಡಿ. ನನ್ನ ಕೋರಿಕೆ ಇಷ್ಟೇ.

ಬಿಸಿಲು ಇಳಿಯಿತು. ಅವಳು ಓಣಿಯ ತಿರುವಿಗೆ ಬಂದದ್ದು ಕಾಣಿಸುತ್ತಿದೆ, ಸೊರಗಿದ್ದಾಳೆ. ಇದನ್ನು ಇಲ್ಲಿಗೆ ನಿಲ್ಲಿಸಿ ಹೊಸ್ತಿಲಿಗೆ ಹೋಗುತ್ತೇನೆ. ಅವಳು ನೋಡುತ್ತಿರುವಾಗಲೇ ಆ ತಂಬಿಗೆಯಿಂದ ಮೊದಲು ನನ್ನ ಕೈ ತೊಳೆದುಕೊಳ್ಳುತ್ತೇನೆ, ಈ ಮನೆಯ ಯಜಮಾನನಾದ ನಾನಂತೂ ಹೊರಗಿನವನಲ್ಲ. ಉಳಿದ ನೀರನ್ನು ಅವಳ ಕೈಗೆ ಹಾಕುತ್ತೇನೆ.

ನಿಮ್ಮ ಮುದಿ ಮರಿಮೊಮ್ಮಗ,
ದ್ಯಾಮಣ್ಣ