ಕೆಸರಿಗೆ ಹಾಸಿದ ರೇಷ್ಮೆ

ಪುಟ್ಟಗೌರಿಯ ಅಪ್ಪನವರಿಗೆ,

ತಂಗಿಯ ಮದುವೆಗೆ ಮಗುವನ್ನು ಕರೆದುಕೊಂಡು ಮೊದಲ ಬಸ್ಸಿಗೇ ಕೌದಳ್ಳಿಗೆ ಹೊರಟಿದ್ದೇನೆ. ನಿಮ್ಮ ಆ ಮಿಲಿಟರಿ ಹರಾಜಿನ ಜೀಪಿನಲ್ಲಿ ನೀವು ಬನ್ನಿ. ಮುದ್ದೆ, ಉಪ್ಸಾರು ಒಲೆಯ ಮೇಲಿದೆ.

ಮಳೆ ಬಿಟ್ಟಿಲ್ಲ. ಅಡ್ಡದಾರಿಯ ಜೇಡಿಮಣ್ಣಿನಲ್ಲಿ ಜೀಪಿನ ಹಿಂಭಾಗ ಜಾರಿದರೆ ಮೊನ್ನೆಯ ಹಾಗೆ ಬ್ರೇಕ್ ತುಳಿಯಬೇಡಿ. ಹಿಂಭಾಗ ಯಾವ ಕಡೆಗೆ ಜಾರುತ್ತದೋ ಸ್ಟೇರಿಂಗನ್ನೂ ಆ ಕಡೆಗೇ ಮೆಲ್ಲಗೆ ತಿರುಗಿಸಿ. ಅವತ್ತು ನಮ್ಮಣ್ಣ ಪಕ್ಕದಲ್ಲೇ ಕೂತು ಇದನ್ನೇ ಬಾಯಿ ಬಡಿದುಕೊಂಡ. ನೀವು ಕೇಳದೆ ಹಳ್ಳಕ್ಕಿಳಿಸಿದಿರಿ.

ಚಕ್ರ ಹೂತುಹೋದಾಗ, ತಂಗಿಗೆಂದು ನಾನು ನೇಯ್ದಿದ್ದ ಧಾರೆಸೀರೆಯನ್ನೇ ಅದರಡಿಗೆ ಹಾಸಿದಿರಿ. ನಾನು ಅತ್ತರೆ, "ಓದ್ರೆ ಓಗ್ಲಿ ಬುಡು, ಮಗ್ಗ ಮನೇಲೇ ಅದಲ್ಲ" ಅಂದಿರಿ.

ಗೋಣಿಚೀಲಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೇನೆ. ಕೀಲಿ ನನ್ನ ಸೊಂಟದಲ್ಲಿದೆ. ಚಕ್ರಕ್ಕೆ ಹಾಸಲು ನಿಮ್ಮ ಜರಿಪೇಟವನ್ನೂ ರೇಷ್ಮೆ ಪಂಚೆಯನ್ನೂ ಸೀಟಿನ ಕೆಳಗಿಟ್ಟಿದ್ದೇನೆ. ಉಳಿದ ಪಂಚೆಗಳೆಲ್ಲ ತೊಟ್ಟಿಯಲ್ಲಿ ನೆನೆಯುತ್ತಿವೆ. ಹಾಗಾಗಿ ನಮ್ಮ ನೆಂಟರ ಮುಂದೆ ಉಡುವುದಕ್ಕೂ ನಿಮಗೆ ಅದೇ ಗತಿ.

ಹಾಳಾದರೆ ಹಾಳಾಗಲಿ ಬಿಡಿ. ಮಗ್ಗ ಮನೆಯಲ್ಲೇ ಇದೆ.

ದೇವೀರಮ್ಮ